ಹೆಸರು ಹೇಳದೆ ಒಣಗದ ಬಟ್ಟೆ

ನಮ್ಮೂರಿನಲ್ಲಿ ಬೆಳಿಗ್ಗೆ ಏಳೂವರೆಗೆ ಶುರುವಾಗುವ ಗಲಾಟೆಗೆ ಹೊಸಬರು ಹೆದರುತ್ತಾರೆ. ಯಾರದೋ ಮನೆಗೆ ಬೆಂಕಿ ಬಿದ್ದಿರಬೇಕೆಂದು ಲಾಡ್ಜಿನಿಂದ ಟವೆಲ್ಲು ಸುತ್ತಿಕೊಂಡೇ ಓಡಿಬಂದವರಿದ್ದಾರೆ. ಬೆಂಕಿಯೂ ಇಲ್ಲ ಗಿಂಕಿಯೂ ಇಲ್ಲ, ನಾವು ಬಟ್ಟೆ ಒಣಹಾಕುತ್ತಿರುತ್ತೇವೆ. ನಮ್ಮೂರ ಬಿಸಿಲು ಹೆಸರು ಹೇಳದೆ ಏನನ್ನೂ ಒಣಗಿಸುವುದಿಲ್ಲ. ಹಗ್ಗದ ಮೇಲೆ ಹರವಿ, ಪಕ್ಕದಲ್ಲಿ ನಿಂತು, ಎದುರುಮನೆಗೆ ಕೇಳಿಸುವಷ್ಟು ಗಟ್ಟಿಯಾಗಿ ಇದು ಇಂಥದ್ದು ಎಂದು ಕೂಗಬೇಕು. "ದುಪ್ಪಟಿ!" ಎಂದರೆ ದುಪ್ಪಟಿಯ ಮೇಲೆ ಬಿಸಿಲು ಬೀಳುತ್ತದೆ. ಪಕ್ಕದಲ್ಲೇ ಇರುವ ದಿಂಬಿನ ಚೀಲದ ಮೇಲೆ ಬೀಳುವುದಿಲ್ಲ, ಅದಕ್ಕೆ ಬೇರೆ ಕೂಗಬೇಕು. ಹೆಸರು ಸರಿಯಾಗಿದ್ದರೆ ಒಂದು ಲೋಟ ಕಾಫಿ ಕುಡಿದು ಬರುವಷ್ಟರಲ್ಲಿ ಒಣಗಿರುತ್ತದೆ.

ಜನ ಇದಕ್ಕೆ ಎಂದೋ ಹೊಂದಿಕೊಂಡಿದ್ದಾರೆ. ಹೆಣ್ಣು ನೋಡಲು ಬಂದವರು ಇಲ್ಲಿ ಹಾಡು ಹೇಳಿಸುವುದಿಲ್ಲ, ಹಿತ್ತಲಿಗೆ ಕರೆದುಕೊಂಡು ಹೋಗಿ ಒಂದು ಟವೆಲ್ಲು ಒಣಹಾಕಿಸುತ್ತಾರೆ. ಗಂಟಲು ಕಟ್ಟಿದವರ ಮನೆಗೆ ಅಕ್ಕಪಕ್ಕದವರು ಬಂದು ಕೂಗಿಕೊಟ್ಟು ಹೋಗುತ್ತಾರೆ. ಬನಿಯನ್ ಹರಿದಿದ್ದರೆ "ಹರಿದ ಬನಿಯನ್" ಎಂದೇ ಕೂಗಬೇಕು, ಬರೀ ಬನಿಯನ್ ಎಂದರೆ ತೂತಿನ ಸುತ್ತ ಒದ್ದೆ ಉಳಿಯುತ್ತದೆ. ನಮ್ಮ ಎದುರುಮನೆಯ ನಿವೃತ್ತ ಹೆಡ್‌ಮಾಸ್ಟರ್ ಅನಂತರಾಮಯ್ಯನವರು ದಿನವೂ ಏಳೂ ನಲವತ್ತಕ್ಕೆ ಹಣೆಗೆ ಗಂಧ ಇಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಶಾಲೆಯಲ್ಲಿ ಹಾಜರಿ ಕೂಗುತ್ತಿದ್ದ ಅದೇ ಗತ್ತಿನಲ್ಲಿ "ಲಂಗೋಟಿ!" ಎನ್ನುತ್ತಾರೆ. ಬಿಸಿಲು ಬರುತ್ತದೆ. ಆಮೇಲೆ "ಎರಡನೇ ಲಂಗೋಟಿ!" ಎನ್ನುತ್ತಾರೆ. ಮೊದಲನೆಯದಕ್ಕೆ ನಮ್ಮ ಬೀದಿಯವರು ಒಲೆಯ ಮೇಲೆ ಹಾಲಿಡುತ್ತಾರೆ, ಎರಡನೆಯದಕ್ಕೆ ಮಕ್ಕಳನ್ನು ಸ್ಕೂಲಿಗೆ ಹೊರಡಿಸುತ್ತಾರೆ.

ಇಷ್ಟು ಬಾಯಿಬಡುಕ ಊರಿನಲ್ಲಿ ಯಾರೂ ಎಂದೂ ಕೂಗದ ಹೆಸರು ಒಂದೇ ಒಂದಿತ್ತು. ಮುಟ್ಟಿನ ಬಟ್ಟೆ. ಲಂಗೋಟಿ ಕೂಗಿದರೆ ಶಿಸ್ತಿನ ಮನುಷ್ಯ, ಇದನ್ನು ಕೂಗಿದರೆ ಮನೆತನದ ಮಾನ ಮೂರು ಕಾಸಿಗೆ ಹೋಯಿತು. ಆದ್ದರಿಂದ ಒಂದೊಂದು ಮನೆಯ ಹೆಂಗಸರು ಒಂದೊಂದು ಸುಳ್ಳು ಹೆಸರು ಇಟ್ಟುಕೊಂಡಿದ್ದರು. "ಅದು" ಎಂದರೆ ಬಿಸಿಲು ತಿರುಗಿಯೂ ನೋಡದು. "ಬಟ್ಟೆ" ಎಂದರೆ ಯಾವ ಬಟ್ಟೆಯೋ ಏನೋ ಎಂದು ಒಂದು ಮೂಲೆ ಒಣಗಿಸಿ ಹೊರಟುಹೋಗುತ್ತದೆ. ಪೂರ್ತಿ ಒಣಗಬೇಕಾದರೆ, ಸುಳ್ಳಾದರೂ ಸರಿ, ಪೂರ್ತಿ ಹೆಸರನ್ನೇ ಹೇಳಬೇಕು. ಆದರೆ ನಮ್ಮ ಬಿಸಿಲಿಗೆ ತಮಾಷೆ ಗೊತ್ತಿಲ್ಲ, ಯಾವ ಹೆಸರು ಹೇಳಿದರೆ ಆ ಪದಾರ್ಥವನ್ನೇ ಮಾಡಿ ಕೊಡುತ್ತದೆ. ಹಪ್ಪಳ ಎಂದು ಕೂಗಿದ ಮನೆಯ ಸೊಸೆ ಭಜನೆಯ ನಡುವೆ ಮೆಲ್ಲಗೆ ಕುಳಿತಾಗ ಟಪ್ ಎಂದು ಮುರಿದ ಸದ್ದು ತಾಳದವರಿಗೂ ಕೇಳಿಸಿತು. ಕರವಸ್ತ್ರ ಎಂದು ಕೂಗುವವರು ತಿಂಗಳಿಗೆ ಐದು ದಿನ ಬಿಡದೆ ಸೀನುತ್ತಾರೆ, ಎದುರಿಗೆ ಸಿಕ್ಕವರು ನೋಡದ ಹಾಗೆ ಹೋಗುತ್ತಾರೆ. ಎಲ್ಲರಿಗಿಂತ ಪಾಪ ಅನಂತರಾಮಯ್ಯನವರ ಸೊಸೆ ಸುಗುಣ. ಮದುವೆಯಾದ ಹೊಸದರಲ್ಲಿ ಒಂದು ದಿನ ಬಟ್ಟೆ ಹರವುತ್ತಿದ್ದಾಗ ಮಾವ ಮೂರು ಅಡಿ ಪಕ್ಕದಲ್ಲೇ ನಿಂತು ಲಂಗೋಟಿ ಕೂಗಿದರಂತೆ. ಗಾಬರಿಯಲ್ಲಿ ಅವಳ ಬಾಯಿಗೆ ಬಂದದ್ದು "ಮೆಣಸಿನಕಾಯಿ". ಆ ತಿಂಗಳು ಅವಳು ಪಟ್ಟ ಪಾಡನ್ನು ನಾನು ಬರೆಯುವುದಿಲ್ಲ.

ನಮ್ಮ ಮನೆಯಲ್ಲಿ ಕೂಗುತ್ತಿದ್ದದ್ದು "ಧೂಳು ಒರೆಸೋ ಬಟ್ಟೆ". ನಾನು ಸೊಸೆಯಾಗಿ ಬಂದ ಮೊದಲ ತಿಂಗಳೇ ಅತ್ತೆ ನಿಂಗಾಜಮ್ಮ ಕಿವಿಯ ಹತ್ತಿರ ಬಾಯಿಟ್ಟು ಹೇಳಿಕೊಟ್ಟ ಹೆಸರು ಅದು. ಕೇಳಲು ಎಷ್ಟೋ ಮರ್ಯಾದೆಯ ಹೆಸರು, ನಿಜ. ಮನೆಯಷ್ಟರ ಧೂಳಿಗೆ ಅದು ಹೇಗೋ ನಡೆದುಕೊಂಡು ಬಂತು. ಆದರೆ ಮುಂದೆ ನಾನು ಎಂಥ ಕೆಲಸ ಹಿಡಿಯುತ್ತೇನೆ ಎಂದು ಅತ್ತೆ ಆಗ ಯೋಚಿಸಿರಲಿಲ್ಲ. ಈಗ ಕೆಲವು ತಿಂಗಳಿಂದ ನಾನು ನಾಲ್ಕನೇ ನಂಬರ್ ಸಿಟಿ ಬಸ್ಸಿನ ಕಂಡಕ್ಟರ್. ಊರಿನ ಮೊದಲ ಹೆಂಗಸು ಕಂಡಕ್ಟರ್ ದಾಕ್ಷಾಯಿಣಿ ಎಂದರೆ ನಾನೇ. ಮುಂದಿನ ಬಾಗಿಲಲ್ಲಿ ನಿಂತು ಸ್ಟಾಪಿನ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುವವರು ಎದ್ದು ಇಳಿಯುತ್ತಾರೆ. ಇಂಥ ಬಸ್ಸಿನಲ್ಲಿ ದಿನಕ್ಕೆ ಹತ್ತು ಗಂಟೆ ಓಡಾಡುವವಳ ಮೈಯಲ್ಲಿ ಧೂಳು ಒರೆಸುವ ಬಟ್ಟೆ! ಅದು ತನ್ನ ಕೆಲಸವನ್ನು ನಿಯತ್ತಾಗಿ ಮಾಡಿತು. ಆ ಐದು ದಿನ ನನ್ನ ಬಸ್ಸು ಫಳಫಳ ಹೊಳೆಯುತ್ತಿತ್ತು. ನಾನು ಕುಳಿತೆದ್ದ ಸೀಟಿನಲ್ಲಿ ಮುಖ ನೋಡಿಕೊಂಡು ಒಬ್ಬರು ಕ್ರಾಪು ಬಾಚಿಕೊಂಡರು. ಬಸ್ಸಿನ ಧೂಳೆಲ್ಲ ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ಅದು ನನ್ನ ತೊಡೆಯ ಸಂದಿಯಲ್ಲಿತ್ತು.

ಮೊದಮೊದಲು ತುರಿಕೆ. ಆಮೇಲೆ ಚರ್ಮ ಕೆಂಪಗಾಗಿ ಸುಲಿಯಿತು, ಆಮೇಲೆ ಕೀವು. ಅಂಗಡಿಯ ಪ್ಯಾಡು ತಂದು ನೋಡಿದೆ, ನನ್ನ ಮೈಗೆ ಅದರ ಪ್ಲಾಸ್ಟಿಕ್ಕು ಒಗ್ಗದೆ ಎರಡನೇ ದಿನವೇ ಬೊಬ್ಬೆ ಎದ್ದಿತು. ಕೂರಲು ಆಗದು, ನಿಲ್ಲಲು ಆಗದು, ನಡೆದರೆ ಉರಿ. ಮೂರು ತಿಂಗಳು ಸತತವಾಗಿ ಮೂರು ಮೂರು ದಿನ ರಜೆ ಹಾಕಿದೆ. ಡಿಪೋ ಮ್ಯಾನೇಜರ್ ಕುಬೇರಪ್ಪನವರು ನನ್ನನ್ನು ಕರೆಸಿದರು. ಒಳ್ಳೆಯವರೇ, ಆದರೆ ಹೆಂಗಸರ ಜೊತೆ ಮಾತಾಡುವಾಗ ಗೋಡೆಯ ಕ್ಯಾಲೆಂಡರಿನ ಜೊತೆ ಮಾತಾಡುತ್ತಾರೆ.

"ನೋಡಿ ದಾಕ್ಷಾಯಿಣಿಯವರೇ, ಹೊಟ್ಟೆನೋವು ಅಂತ ಬರೀತೀರಿ. ಪ್ರತಿ ತಿಂಗಳು ಅದೇ ತಾರೀಕಿಗೆ ಹೊಟ್ಟೆನೋವು ಬರತ್ತಾ?" ಎಂದು ಕ್ಯಾಲೆಂಡರನ್ನು ಕೇಳಿದರು.

"ಬರತ್ತೆ ಸಾರ್," ಎಂದೆ.

"ಮುಂದಿನ ತಿಂಗಳೂ ಹೀಗೇ ಆದ್ರೆ ನಿಮ್ಮನ್ನ ಬಸ್ಸಿಂದ ಇಳಿಸಿ ಪಾಸ್ ಕೌಂಟರಿಗೆ ಹಾಕ್ತೀನಿ. ಆರಾಮಾಗಿ ಕೂತ್ಕೊಂಡಿರಬಹುದು. ನಾಲ್ಕನೇ ನಂಬರಿಗೆ ಬೇರೆ ಯಾರಾದ್ರೂ ಗಟ್ಟಿಮುಟ್ಟಾಗಿರೋರನ್ನ ಕಳಿಸ್ತೀನಿ."

ಪಾಸ್ ಕೌಂಟರ್ ಎಂದರೆ ಕಿಟಕಿಗೆ ಜಾಲರಿ ಹೊಡೆದ ಒಂದು ಗೂಡು. ಬೆಳಿಗ್ಗೆಯಿಂದ ಸಂಜೆಯವರೆಗೆ ಕಬ್ಬಿಣದ ಕುರ್ಚಿಯಲ್ಲಿ ಕೂತೇ ಇರಬೇಕು. ಕೂರಲಾಗದವಳಿಗೆ ಕೂರುವ ಕೆಲಸ! ನಾನು ಕಂಡಕ್ಟರ್ ಆಗಲು ಎರಡು ವರ್ಷ ಡಿಪೋ ಮೆಟ್ಟಿಲು ಸವೆಸಿದ್ದೇನೆ, ಹೆಂಗಸಿಗೆ ಬಸ್ಸಿನ ಬಾಗಿಲಲ್ಲಿ ನೇತಾಡಲು ಆಗುತ್ತದಾ ಎಂದವರ ಎದುರಿಗೆ ನೇತಾಡಿ ತೋರಿಸಿದ್ದೇನೆ. ಆ ಬಸ್ಸು ನನ್ನದು. ಅದನ್ನು ಒಂದು ಗೇಣು ಬಟ್ಟೆಗಾಗಿ ಬಿಟ್ಟುಕೊಡುವುದೇ? ಡಿಪೋದಿಂದ ಸೀದಾ ಆಸ್ಪತ್ರೆಗೆ ಹೋದೆ.

ಡಾಕ್ಟರಮ್ಮ ನೋಡಿ ಮುಲಾಮು, ಮಾತ್ರೆ ಬರೆದುಕೊಟ್ಟರು. ಮಾತಾಡಿದವರು ಸಿಸ್ಟರ್ ಹಾಜಿರಾ. ಬೇರೆ ಊರಿನಿಂದ ಹೊಸದಾಗಿ ವರ್ಗವಾಗಿ ಬಂದವರು, ನಮ್ಮ ಬಿಸಿಲಿನ ಜೊತೆ ಅವರಿಗಿನ್ನೂ ಹೆಚ್ಚು ವ್ಯವಹಾರವಿರಲಿಲ್ಲ. ನನ್ನನ್ನು ಒಳಗಿನ ಕೋಣೆಗೆ ಕರೆದು, ಮೇಜಿನ ಮೇಲೆ ಒಂದೊಂದೇ ಸಾಮಾನು ತೆಗೆದಿಟ್ಟರು, ಬಳೆ ಅಂಗಡಿಯವರು ಬಳೆ ತೋರಿಸುವ ಹಾಗೆ. ಇದು ಒಳಚಡ್ಡಿಯಲ್ಲೇ ಪದರ ಹಾಕಿ ಹೊಲಿದದ್ದು. ಇದು ಎರಡು ಕಡೆ ಕಿವಿ ಇಟ್ಟು ಗುಂಡಿ ಹಾಕುವ ಬಟ್ಟೆಯ ಪ್ಯಾಡು, ದಪ್ಪ. ಇದು ಅದೇ, ಆದರೆ ಮಡಿಕೆ ಬಿಡಿಸಿದರೆ ತೆಳ್ಳಗೆ ಕರವಸ್ತ್ರದ ಹಾಗೆ ಹರಡಿಕೊಳ್ಳುತ್ತದೆ. ಇದು ಕಪ್, ರಬ್ಬರಿನ ಹಾಗೆ ಮೆತ್ತಗಿದೆ ನೋಡಿ, ಮಡಿಸಿ ಒಳಗಿಟ್ಟುಕೊಳ್ಳೋದು.

"ಕಪ್ಪನ್ನ ಬಿಸಿಲಿಗೆ ಹಾಕ್ಬೇಕಾ ಸಿಸ್ಟರ್?" ಇದು ನನ್ನ ಮೊದಲ ಪ್ರಶ್ನೆ.

"ಬೇಡಮ್ಮ. ಮುಟ್ಟು ಮುಗಿದ ಮೇಲೆ ಒಂದು ಪಾತ್ರೆ ನೀರಲ್ಲಿ ಐದು ನಿಮಿಷ ಕುದಿಸಿ, ಒರೆಸಿ, ಗಾಳಿಯಾಡೋ ಚೀಲದಲ್ಲಿ ಇಡಿ. ಅಷ್ಟೇ."

ನನಗೆ ಸ್ವರ್ಗ ಮೂರೇ ಗೇಣು. ಒಲೆ ಹೆಸರು ಕೇಳುವುದಿಲ್ಲವಲ್ಲ! ಆದರೆ ಸಿಸ್ಟರ್ ಕೈ ಅಡ್ಡ ಹಿಡಿದರು. "ಈಗಲೇ ಅಲ್ಲ. ಸೋಂಕು ವಾಸಿಯಾಗ್ಲಿ, ಡಾಕ್ಟರು ಹೂಂ ಅಂದ್ಮೇಲೆ. ಮನೆಗೆ ತಗೊಂಡು ಹೋಗಿ, ಕುದಿಸಿ ಇಟ್ಕೊಳಿ, ಕೈಯಲ್ಲಿ ಮಡಿಸಿ ಅಭ್ಯಾಸ ಮಾಡಿ. ಈ ತಿಂಗಳಿಗೆ ಬಟ್ಟೆಯ ಪ್ಯಾಡೇ ಸರಿ."

ಬಟ್ಟೆಯದರಲ್ಲಿ ಯಾವುದನ್ನು ಆರಿಸುವುದು? ಒಳಚಡ್ಡಿ ನೋಡಲು ಚೆನ್ನಾಗಿತ್ತು, ಆದರೆ ಹಿಂಡಿ ಹಾಕಿದರೂ ಒಳಗಿನ ಪದರ ಬೇಗ ಒಣಗದಂತೆ. ದಪ್ಪ ಪ್ಯಾಡಿನದ್ದೂ ಅದೇ ಕಥೆ, ಮೇಲೆ ಒಣಗಿ ನಡುವೆ ಹಸಿ ಉಳಿದರೆ ಮತ್ತೆ ಅದೇ ಹುಣ್ಣು. ಬಿಡಿಸಿ ಹರಡುವ ತೆಳ್ಳನೆಯದನ್ನು ಆರಿಸಿದೆ. ಆರು ಕೊಟ್ಟರು. ಸಿಸ್ಟರ್ ಹಾಜಿರಾ ಹೇಳಿದ್ದನ್ನೆಲ್ಲ ನಾನು ಸ್ಟಾಪಿನ ಹೆಸರುಗಳ ಹಾಗೆ ಬಾಯಿಪಾಠ ಮಾಡಿಕೊಂಡೆ. ಹೊಸದನ್ನು ಎರಡು ಮೂರು ಸಲ ಒಗೆದ ಮೇಲೇ ಬಳಸಬೇಕು, ಇಲ್ಲದಿದ್ದರೆ ಹೀರುವುದಿಲ್ಲ. ನಾಲ್ಕೈದು ಗಂಟೆಗೊಮ್ಮೆ ಬದಲಾಯಿಸಬೇಕು. ಮೊದಲು ತಣ್ಣೀರಲ್ಲಿ ನೆನೆಸಬೇಕು, ಬಿಸಿನೀರು ಹಾಕಿದರೆ ಕಲೆ ಅಲ್ಲೇ ಮನೆ ಮಾಡುತ್ತದೆ. ಸೋಪು ಪೂರ್ತಿ ಹೋಗುವ ತನಕ ಜಾಲಿಸಬೇಕು. ಮಂಚದ ಕೆಳಗಲ್ಲ, ಸೀರೆಯ ಅಡಿಗಲ್ಲ, ನೇರ ಬಿಸಿಲಿಗೆ ಹಾಕಬೇಕು.

"ನಮ್ಮೂರಲ್ಲಿ ಬಿಸಿಲಿಗೆ ಹೆಸರು ಹೇಳ್ಬೇಕು ಸಿಸ್ಟರ್," ಎಂದೆ.

"ಹೇಳಿ. ಅದಕ್ಕೊಂದು ಹೆಸರಿದೆಯಲ್ಲ?" ಎಂದರು ಅವರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ.

ಕಪ್ಪಿನ ವಿಷಯ ಮುಗಿಸಿಬಿಡುತ್ತೇನೆ. ಮನೆಗೆ ಬಂದು ಅದನ್ನು ಪಾತ್ರೆಯಲ್ಲಿ ಕುದಿಯಲು ಇಟ್ಟು ಮುಖ ತೊಳೆಯಲು ಹೋದೆ. ನಮ್ಮ ಮಾವ ಶಂಭಣ್ಣ ಮೂವತ್ತು ವರ್ಷ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು, ನಿವೃತ್ತರಾದ ಮೇಲೂ ಕೈ ಸುಮ್ಮನಿರದು. ನಾನು ಬರುವಷ್ಟರಲ್ಲಿ ಪಾತ್ರೆ ಖಾಲಿ. ಬಚ್ಚಲ ಹತ್ತಿರ ಮಾವ ಕಪ್ಪಿನ ಬುಡಕ್ಕೆ ತೂತು ಕೊರೆದು, ಹಳೆಯ ನಲ್ಲಿಯ ಬಾಯಿಗೆ ತೊಡಿಸಿ, ತಂತಿ ಬಿಗಿದು, ಹಿಂದೆ ಸರಿದು ನಿಂತು ನೋಡುತ್ತಿದ್ದರು. ಹನ್ನೊಂದು ವರ್ಷದಿಂದ ತೊಟತೊಟ ಸೋರುತ್ತಿದ್ದ ನಲ್ಲಿ ಅದು.

"ಯಾರಮ್ಮ ತಂದಿದ್ದು ಈ ವಾಷರ್‌ನ? ಎಂಥಾ ಮಾಲು! ಸೋರಬಾರ್ದು ಅಂತಾನೇ ಮಾಡಿದ್ದಾರೆ ನೋಡು ಇದನ್ನ," ಎಂದರು.

"ಹೌದು ಮಾವ," ಎಂದೆ. ಬೇರೆ ಏನು ಹೇಳುವುದು? ನನ್ನ ಗಂಡ ಲಾರಿ ಓಡಿಸುತ್ತಾನೆ, ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಾನೆ. ಆ ಸಲ ಬಂದವನು ನಲ್ಲಿ ಸೋರುವುದು ನಿಂತದ್ದು ನೋಡಿ ಅಪ್ಪನ ಬೆನ್ನು ತಟ್ಟಿ ಹೋದ. ಮಾವ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದರು. ಅನಂತರಾಮಯ್ಯನವರು ತಮ್ಮ ಮನೆಯ ನಲ್ಲಿಗೂ ಒಂದು ಸಿಗುತ್ತದಾ ಎಂದು ಕೇಳಿದರು.

ಹಾಗಾಗಿ ಉಳಿದದ್ದು ಆರು ಬಟ್ಟೆಯ ಪ್ಯಾಡು. ಸೋಮವಾರ ಬೆಳಿಗ್ಗೆ ಅವನ್ನು ಒಗೆದು, ಹಿಂಡಿ, ಅಂಗಳದ ಹಗ್ಗದ ಮೇಲೆ ಒಂದರ ಪಕ್ಕ ಒಂದು ಹರವಿದೆ. ಅದೇ ವಾರದ ಗುರುವಾರ ನನ್ನ ದಿನ. ಅವತ್ತೇ ಕುಬೇರಪ್ಪನವರು ನಾಲ್ಕನೇ ನಂಬರಿನ ತಪಾಸಣೆಗೆ ಬರುವುದಾಗಿ ನೋಟಿಸು ಹಾಕಿದ್ದರು. ತಪಾಸಣೆಯ ದಿನ ರಜೆ ಹಾಕಿದರೆ ಪಾಸ್ ಕೌಂಟರ್ ಗ್ಯಾರಂಟಿ. ಅಷ್ಟರೊಳಗೆ ಪ್ಯಾಡು ಪಳಗಬೇಕು, ಒಣಗಬೇಕು, ಸುಳ್ಳು ಹೆಸರಿಲ್ಲದೆ ಒಣಗಬೇಕು.

ಬೀದಿಯಲ್ಲಿ ಎಂದಿನ ಗಲಾಟೆ ನಡೆದಿತ್ತು. "ಟವೆಲ್ಲು! ಲಂಗ! ಮಗು ಟೋಪಿ!" ನಾನು ಎದೆ ತುಂಬ ಉಸಿರು ಎಳೆದುಕೊಂಡೆ. ದಿನಕ್ಕೆ ಇನ್ನೂರು ಸಲ ಕೂಗುವ ಬಾಯಿ ಇದು, ಒಂದು ಶಬ್ದಕ್ಕೆ ಹೆದರುತ್ತದೆಯೇ? "ಮು" ಎಂದೆ. ಎದುರಿಗೆ ಅನಂತರಾಮಯ್ಯನವರು ಲಂಗೋಟಿ ಹಿಡಿದು ನಿಂತು ನನ್ನ ಕಡೆ ನೋಡಿದರು. "ಮು... ಮು..." ಎಂದು ತಡವರಿಸಿದ ಬಾಯಿ ತನಗೆ ಪಾಠವಾಗಿದ್ದ ದಾರಿ ಹಿಡಿಯಿತು.

"ಮುಂದೆ ಹೋಗಿ! ಮುಂದೆ ಹೋಗಿ! ಜಾಗ ಇದೆ, ಮುಂದೆ ಹೋಗಿ!"

ಬಿಸಿಲು ಒಂದು ಕ್ಷಣ ನಿಂತು, ಹೇಳಿದ ಮಾತು ಕೇಳುವ ಪ್ರಯಾಣಿಕರ ಹಾಗೆ ಮುಂದೆ ಹೋಯಿತು. ನಮ್ಮ ಬೀದಿಯನ್ನು ಪೂರ್ತಿ ಬಿಟ್ಟು, ಹಿಟ್ಟಿನ ಗಿರಣಿ ದಾಟಿ, ಮುಂದಿನ ಬೀದಿಯಲ್ಲಿ ಹೋಗಿ ನಿಂತಿತು. ಅಲ್ಲಿಯವರಿಗೆ ಎರಡೆರಡು ಪಾಲು. ಇಲ್ಲಿ ನಮ್ಮ ಮಂದಿ ಗಂಟಲು ಹರಿದುಕೊಂಡರೂ ಒಂದು ಎಳೆ ಬಿಸಿಲಿಲ್ಲ. ಅನಂತರಾಮಯ್ಯನವರು ಆರು ಸಲ ಲಂಗೋಟಿ ಎಂದರು, ಏಳನೇ ಸಲಕ್ಕೆ ಧ್ವನಿ ನಡುಗಿತು. ಸಂಡಿಗೆ ಇಟ್ಟವರು, ಹಾಸಿಗೆ ಹಾಕಿದವರು ಎಲ್ಲರೂ ಬಂದು ನಮ್ಮ ಬಾಗಿಲಲ್ಲಿ ಜಗಳಕ್ಕೆ ನಿಂತರು. ಬಿಸಿಲು ಸಂಜೆ ನಾಲ್ಕಕ್ಕೆ ಅನುಮಾನಿಸುತ್ತ ವಾಪಸು ಬಂತು. ಮಂಗಳವಾರವೂ, ಬುಧವಾರವೂ ನನಗೆ ಅಂಗಳಕ್ಕೆ ಇಳಿಯುವ ಧೈರ್ಯ ಬರಲಿಲ್ಲ. ಪ್ಯಾಡುಗಳನ್ನು ಒಗೆದು ಒಗೆದು ಒಳಮನೆಯಲ್ಲಿ ಹರವಿದೆ, ಅವು ತಣ್ಣಗೆ ಒದ್ದೆಯಾಗಿ ಬಿದ್ದಿದ್ದವು.

"ಧೂಳು ಒರೆಸೋ ಬಟ್ಟೆ ಅನ್ನೋಕೆ ಏನಾಗಿತ್ತು ನಿಂಗೆ?" ಎಂದು ಅತ್ತೆ ಬುಧವಾರ ರಾತ್ರಿ ಗೊಣಗಿದರು. "ಇಡೀ ಊರು ಒಂದು ದಾರಿ, ನಿಂದೇ ಒಂದು ದಾರಿ. ಹೆಸರು ಕೂಗಬೇಕಂತೆ ಹೆಸರು. ನಾವೆಲ್ಲ ಬದುಕಲಿಲ್ವಾ?"

ಅತ್ತೆಯ ಧ್ವನಿ ಯಾವತ್ತೂ ಅಷ್ಟೇ, ಪಕ್ಕದ ಕೋಣೆಗೂ ಸರಿಯಾಗಿ ಕೇಳಿಸದು. ಗೊಣಗುವುದಕ್ಕೇ ಹೇಳಿ ಮಾಡಿಸಿದ ಧ್ವನಿ. ಮನೆಯ ಬಟ್ಟೆ ಒಣಗಿಸಲೂ ಅವರು ಮೂರು ನಾಲ್ಕು ಸಲ ಹೇಳಬೇಕಾಗುತ್ತಿತ್ತು.

ಗುರುವಾರ ಬೆಳಗಿನ ಜಾವಕ್ಕೇ ಮುಟ್ಟಾಯಿತು. ಹಳೆಯ ಧೂಳಿನ ಬಟ್ಟೆ ಒಂದೇ ಗತಿ. ಮುಲಾಮಿನಿಂದ ಅರ್ಧ ವಾಸಿಯಾಗಿದ್ದ ಗಾಯ ಅರ್ಧ ಗಂಟೆಯಲ್ಲಿ ಮತ್ತೆ ಉರಿಯತೊಡಗಿತು, ನಮ್ಮ ಹಜಾರದ ನೆಲ ಮಾತ್ರ ಮಿರಿಮಿರಿ ಮಿಂಚಿತು. ಯೂನಿಫಾರ್ಮು ಹಾಕಿಕೊಂಡು ಅಡುಗೆಮನೆಯ ಗೋಡೆಗೆ ಒರಗಿ ಉಪ್ಪಿಟ್ಟು ತಿನ್ನುತ್ತಿದ್ದೆ. ಒಂಬತ್ತೂವರೆಗೆ ಡ್ಯೂಟಿ. ಒಣಗದ ಪ್ಯಾಡು ಹಾಕಿಕೊಂಡು ಹೋಗುವುದೋ, ಈ ಧೂಳನ್ನೇ ಹೊತ್ತು ಹೋಗುವುದೋ, ಪಾಸ್ ಕೌಂಟರೇ ಸಾಕೆಂದು ಮನೆಯಲ್ಲಿ ಉಳಿಯುವುದೋ ಎಂದು ಯೋಚಿಸುತ್ತಿದ್ದೆ.

"ಕೂತ್ಕೊಂಡು ತಿನ್ನೇ. ನಿಂತ್ಕೊಂಡು ತಿಂದ್ರೆ ಮೈಗೆ ಹತ್ತಲ್ಲ," ಎಂದರು ಅತ್ತೆ.

"ಕೂರಕ್ಕಾಗಲ್ಲ ಅತ್ತೆ."

"ಯಾಕೆ?"

ನನಗೆ ಸಿಟ್ಟು ಬಂತು. ತಟ್ಟೆ ಕೆಳಗಿಟ್ಟೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿದೆ, ಪ್ಯಾಂಟು ಸಡಿಲಿಸಿ ತೋರಿಸಿದೆ. ಅತ್ತೆ ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು. ಒಲೆಯ ಮೇಲಿದ್ದ ಹಾಲು ಉಕ್ಕಿದ್ದೂ ಅವರಿಗೆ ಗೊತ್ತಾಗಲಿಲ್ಲ.

"ಇದು ನಾನು ಹೇಳ್ಕೊಟ್ಟ ಹೆಸರಿಂದ ಆಗಿದ್ದಾ?"

"ಇನ್ಯಾವುದ್ರಿಂದ ಅತ್ತೆ?"

ಅತ್ತೆ ನೆಲದ ಮೇಲೆ ಕುಳಿತುಕೊಂಡರು. "ನಂಗೆ ನಮ್ಮತ್ತೆ ಹೇಳ್ಕೊಟ್ಟಿದ್ದು ಇದಲ್ಲ ಕಣೆ," ಎಂದರು. "ಕಾಲೊರೆಸೋ ಗೋಣಿ ಅನ್ನು ಅಂದ್ರು. ಬಾಯಿ ಮುಚ್ಕೊಂಡು ಮೂವತ್ತೊಂದು ವರ್ಷ ಅದನ್ನೇ ಕೂಗ್ದೆ. ಗೋಣಿ ಥರಾನೇ ಒಣಗ್ತಿತ್ತು, ಒರಟು. ಅದು ಹಾಳಾಗೋಗ್ಲಿ. ಆ ಐದೂ ದಿನ ಮನೆಗೆ ಬಂದೋರೆಲ್ಲ ಸೀದಾ ನನ್ನ ಹತ್ರ ಬಂದು ಕಾಲೊರೆಸೋರು. ನಿಮ್ಮ ಮಾವ ಡಿಪೋ ಗ್ರೀಸೆಲ್ಲ ನನ್ನ ಸೆರಗಿಗೇ ಒರೆಸೋರು. ಹಾಲಿನವನು, ಪೋಸ್ಟಿನವನು, ನಮ್ಮ ನಾದಿನಿ. ಯಾರಿಗೂ ತಾವು ಏನ್ ಮಾಡ್ತಿದೀವಿ ಅಂತ ಗೊತ್ತಾಗ್ತಾನೇ ಇರ್ಲಿಲ್ಲ, ಕಾಲು ತಾನಾಗೇ ಬರೋದು. ಆಮೇಲಾಮೇಲೆ ಐದು ದಿನ ಅಂತ ಲೆಕ್ಕಾನೂ ಉಳೀಲಿಲ್ಲ, ಎಲ್ಲರಿಗೂ ಅಭ್ಯಾಸ ಆಗೋಯ್ತು. ನನ್ನ ಸೊಸೆಗೆ ಅದು ಬೇಡ ಅಂತಾನೇ ಯೋಚ್ನೆ ಮಾಡಿ ಮಾಡಿ ಧೂಳು ಒರೆಸೋ ಬಟ್ಟೆ ಅಂತ ಇಟ್ಟೆ. ಒಳ್ಳೇ ಹೆಸರು ಅನ್ಕೊಂಡಿದ್ದೆ ಕಣೆ. ಕಾಲಲ್ಲಿ ಅಲ್ಲ, ಕೈಯಲ್ಲಾದ್ರೂ ಇರತ್ತಲ್ಲ ಅಂತ."

ಈ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಅತ್ತೆ ಒಂದೇ ಉಸಿರಿಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಿಟ್ಟೆಲ್ಲ ಇಳಿದುಹೋಗಿ ಅವರ ಮೇಲೆ ಅಯ್ಯೋ ಅನ್ನಿಸಿತು. ಮದುವೆಯಾದ ಹೊಸದರಲ್ಲಿ ನಾನೂ ಒಂದೆರಡು ಸಲ ಚಪ್ಪಲಿ ಬಿಟ್ಟವಳು ಅವರ ಸೀರೆಯ ಅಂಚಿಗೆ ಪಾದ ತಾಗಿಸಿದ್ದು ನೆನಪಾಗಿ ನಾಚಿಕೆಯಾಯಿತು.

ಅತ್ತೆ ಎದ್ದು ಒಳಮನೆಗೆ ಹೋದರು. ಆರು ಒದ್ದೆ ಪ್ಯಾಡನ್ನು ಒಂದು ತಟ್ಟೆಯಲ್ಲಿ ಜೋಡಿಸಿಕೊಂಡರು, ಕುಂಕುಮದ ಬಟ್ಟಲು ಕೊಂಡೊಯ್ಯುವ ಹಾಗೆ ಎರಡು ಕೈಯಲ್ಲಿ ಹಿಡಿದು ಅಂಗಳಕ್ಕೆ ಇಳಿದರು. ನಾನು ಹಿಂದೆ ಓಡಿದೆ. "ಅತ್ತೆ, ಬೇಡ, ಎಲ್ಲರೂ ಇದ್ದಾರೆ," ಎಂದೆ. ಆಗ ಸರಿಯಾಗಿ ಏಳೂ ನಲವತ್ತು. ಎದುರಿಗೆ ಅನಂತರಾಮಯ್ಯನವರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಪಕ್ಕದಲ್ಲಿ ಸುಗುಣ ದಿಂಬಿನ ಚೀಲ ಕೊಡವುತ್ತಿದ್ದಳು. ಜಗಲಿಯ ಮೇಲೆ ನಮ್ಮ ಮಾವ ಪೇಪರ್ ಓದುತ್ತಿದ್ದರು.

ಅತ್ತೆ ಆರನ್ನೂ ಹಗ್ಗದ ಮೇಲೆ ಹರವಿ, ಮಡಿಕೆ ಬಿಡಿಸಿ, ಅಂಗೈಯಿಂದ ಸವರಿ ನೆಟ್ಟಗೆ ಮಾಡಿದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ತಲೆಯೆತ್ತಿದರು.

"ಮುಟ್ಟಿನ ಬಟ್ಟೆ," ಎಂದರು.

ಅವರ ಧ್ವನಿ ನಮ್ಮ ಹೊಸ್ತಿಲು ದಾಟಲಿಲ್ಲ. ಬಿಸಿಲು ಎದುರುಮನೆಯ ಸಜ್ಜೆಯ ಮೇಲೆ ಸುಮ್ಮನೆ ಕುಳಿತಿತ್ತು. ಅತ್ತೆ ಕೆಮ್ಮಿದರು, ಇನ್ನೊಮ್ಮೆ ಹೇಳಿದರು. ಮಾವನ ಪೇಪರ್ ಅಲುಗಾಡುವುದು ನಿಂತಿತು. ಮೂರನೇ ಸಲಕ್ಕೆ ಅತ್ತೆಯ ಕುತ್ತಿಗೆಯ ನರ ಉಬ್ಬಿತು, ಎರಡೂ ಮುಷ್ಟಿ ಬಿಗಿಯಾಯಿತು, ಹಿಮ್ಮಡಿ ನೆಲ ಬಿಟ್ಟು ಮೇಲೆದ್ದಿತು.

"ಮುಟ್ಟಿನ ಬಟ್ಟೆ! ನನ್ನ ಸೊಸೆಯ ಮುಟ್ಟಿನ ಬಟ್ಟೆ! ಆರು!"

ಇಡೀ ಬೀದಿ ಬಾಯಿ ಮುಚ್ಚಿತು. ಆ ಹೊತ್ತಿನಲ್ಲಿ ನಮ್ಮೂರಲ್ಲಿ ಅಷ್ಟು ನಿಶ್ಶಬ್ದ ಎಂದೂ ಆಗಿಲ್ಲ, ದೂರದಲ್ಲಿ ಹಿಟ್ಟಿನ ಗಿರಣಿಯ ಬೆಲ್ಟು ತಿರುಗುವುದು ಕೇಳಿಸುತ್ತಿತ್ತು. ಬಿಸಿಲು ಸಜ್ಜೆಯಿಂದ ಇಳಿಯಿತು. ರಸ್ತೆ ದಾಟಿತು. ನಮ್ಮ ಗೇಟಿನ ಹತ್ತಿರ ಸ್ವಲ್ಪ ತಡೆಯಿತು, ಹೊಸ ಹೆಸರಲ್ಲವೇ, ಅದಕ್ಕೂ ಒಮ್ಮೆ ಯೋಚಿಸಬೇಕಾಯಿತೇನೋ. ಆಮೇಲೆ ಹಗ್ಗದ ಮೇಲೆ ಬಂದು ಬಿತ್ತು. ಎಂಥಾ ಬಿಸಿಲು! ನನ್ನ ಆರು ಪ್ಯಾಡಿನಿಂದ ಹಬೆ ಎದ್ದಿತು. ಕೈಯಿಟ್ಟು ನೋಡಿದೆ. ಹಪ್ಪಳವಾಗಿರಲಿಲ್ಲ, ಗೋಣಿಯಾಗಿರಲಿಲ್ಲ. ಮೆತ್ತಗೆ, ಬೆಚ್ಚಗೆ, ಬಟ್ಟೆಯ ಹಾಗೇ ಇತ್ತು.

ಮಾವ ಪೇಪರಿನ ಹಿಂದಿನಿಂದ "ಏನ್ ಕಾಲ ಬಂತಪ್ಪಾ" ಎಂದರು. ಅಭ್ಯಾಸಬಲದಿಂದ ಅವರ ಕಾಲು ಜಗಲಿ ಇಳಿದು ಅತ್ತೆಯ ಕಡೆ ಒಂದು ಹೆಜ್ಜೆ ಬಂತು. ಅತ್ತೆ ತಿರುಗಿ ನೋಡಿದರು. ಮಾವ ಕಾಲನ್ನು ಹಿಂದಕ್ಕೆ ಎಳೆದುಕೊಂಡು, ಪಕ್ಕದಲ್ಲಿದ್ದ ನಿಜವಾದ ಗೋಣಿಗೆ ಉಜ್ಜಿ, ಒಳಗೆ ಹೋದರು. ಅನಂತರಾಮಯ್ಯನವರು ಕೈಯಲ್ಲಿದ್ದ ಲಂಗೋಟಿಯನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು. ಅವತ್ತು ನಮ್ಮ ಬೀದಿಯಲ್ಲಿ ಯಾರೂ ಸರಿಯಾದ ಹೊತ್ತಿಗೆ ಹಾಲಿಡಲಿಲ್ಲ.

ನಾನು ಒಳಗೆ ಹೋಗಿ ಒಣಗಿದ್ದನ್ನು ಹಾಕಿಕೊಂಡು, ಎರಡನ್ನು ಬ್ಯಾಗಿನಲ್ಲಿಟ್ಟುಕೊಂಡು, ಬಳಸಿದ್ದನ್ನು ಹಾಕಲು ಇನ್ನೊಂದು ಚೀಲ ತೆಗೆದುಕೊಂಡು ಹೊರಟೆ. ಬೀದಿಯ ತಿರುವಿನಲ್ಲಿ ಹಿಂದಿನಿಂದ ಸುಗುಣಳ ಧ್ವನಿ ಕೇಳಿಸಿತು. ಅವಳಿಗೆ ಇನ್ನೂ ಹೆಸರು ಹೇಳುವಷ್ಟು ಧೈರ್ಯ ಬಂದಿರಲಿಲ್ಲ. "ನಮ್ಮದೂ! ಅವರು ಹೇಳಿದರಲ್ಲ, ನಮ್ಮದೂ ಅದೇ!" ಎಂದು ಕಿರುಚುತ್ತಿದ್ದಳು. ಬಿಸಿಲು ಅದಕ್ಕೆ ಒಪ್ಪಿತೋ ಇಲ್ಲವೋ ನಿಂತು ನೋಡಲು ನನಗೆ ಪುರಸೊತ್ತಿರಲಿಲ್ಲ.

ಕುಬೇರಪ್ಪನವರು ಮೂರನೇ ಸ್ಟಾಪಿನಲ್ಲಿ ಹತ್ತಿದರು. ಸುದ್ದಿ ಅವರಿಗಿಂತ ಮೊದಲೇ ಬಸ್ಸು ಹತ್ತಿತ್ತು ಅನ್ನಿಸುತ್ತದೆ, ಏಕೆಂದರೆ ಕ್ಯಾಲೆಂಡರ್ ಇಲ್ಲದ ಬಸ್ಸಿನಲ್ಲಿ ಎಲ್ಲಿ ನೋಡುವುದೆಂದು ಅವರು ಬಹಳ ಕಷ್ಟಪಟ್ಟರು. ಕೊನೆಗೆ ತುರ್ತು ನಿರ್ಗಮನದ ಬಾಗಿಲನ್ನು ನೋಡುತ್ತ "ಬಸ್ಸು ಯಾಕೋ ಇವತ್ತು ಧೂಳಾಗಿದೆಯಲ್ಲ," ಎಂದರು.

"ಹೌದು ಸಾರ್, ಗುಡಿಸೋರಿಗೆ ಹೇಳಿ," ಎಂದೆ. ಅವರು ತಮ್ಮ ಕಾಗದದಲ್ಲಿ ಕಂಡಕ್ಟರ್ ಹಾಜರ್ ಎಂದು ಬರೆದುಕೊಂಡು ಇಳಿದರು.

ಸಂಜೆ ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಏನೋ ಕೇಳಿದರು, ಕೇಳಿಸಲಿಲ್ಲ. ಬೆಳಗಿನ ಮೂರು ಕೂಗಿಗೆ ಗಂಟಲು ಪೂರ್ತಿ ಬಿದ್ದುಹೋಗಿ ಬರೀ ಗಾಳಿ ಬರುತ್ತಿತ್ತು. ನಾನು ಹತ್ತಿರ ಹೋದೆ. ಅವರು ನನ್ನ ಕಿವಿಯ ಹತ್ತಿರ ಬಾಯಿಟ್ಟು ಮತ್ತೆ ಕೇಳಿದರು.

"ಇವತ್ತು ಕೂತ್ಕೊಂಡ್ಯೇನೆ?"

"ಕೂತೆ ಅತ್ತೆ. ಕೊನೇ ಸ್ಟಾಪಲ್ಲಿ ಕೂತು ಊಟ ಮಾಡ್ದೆ. ಅರ್ಧ ಗಂಟೆ ಕೂತಿದ್ದೆ."

ಹೇಳುತ್ತಿದ್ದ ಹಾಗೆ ನನಗೆ ಅಳು ಬಂದುಬಿಟ್ಟಿತು. ನಾಲ್ಕು ತಿಂಗಳಿಂದ ನಾನು ಕುಳಿತು ಅನ್ನ ತಿಂದಿರಲಿಲ್ಲ. ಅತ್ತೆ ನನ್ನ ಬ್ಯಾಗಿನಿಂದ ಬಳಸಿದ ಪ್ಯಾಡಿನ ಚೀಲ ತೆಗೆದು ತಣ್ಣೀರಿನ ಬಕೀಟಿನಲ್ಲಿ ನೆನೆಹಾಕಿದರು. ಕೈ ಒರೆಸಿಕೊಳ್ಳುತ್ತ ಬಂದು, ತಮ್ಮ ಗಂಟಲನ್ನು ಬೆರಳಿನಿಂದ ತೋರಿಸಿ, ನಾಳೆ ನಿನ್ನದೇ ಸರದಿ ಎಂದು ನನ್ನ ಎದೆಗೆ ಬೆರಳಿನಿಂದ ತಿವಿದರು.

"ಕೂಗ್ತೀನಿ ಅತ್ತೆ," ಎಂದೆ.